ಗಂಡನಿಗೆ ಕಾಣದಂತೆ ಹಾಕಿಕೊಂಡ ವಿಪಿಎನ್

ನಾನು ಬ್ಲೌಸ್ ಹೊಲಿಯುವವಳು. ಮಧುಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಳತೆ ತೆಗೆಯುವಾಗ ಹೆಂಗಸರು ಅದೇಕೋ ಗುಟ್ಟನ್ನೆಲ್ಲ ಹೇಳಿಕೊಂಡುಬಿಡುತ್ತಾರೆ. ಟೇಪು ಹೆಗಲ ಮೇಲೆ ಬಿತ್ತೋ ಇಲ್ಲವೋ, ಅತ್ತೆಯ ಕಾಟ, ಮಗಳ ಲವ್ವು, ಗಂಡನ ಸಕ್ಕರೆ ಕಾಯಿಲೆ ಎಲ್ಲ ಹೊರಗೆ ಬರುತ್ತದೆ. ಬೀದಿಯ ಅರ್ಧ ಗುಟ್ಟು ನನ್ನ ಹೊಟ್ಟೆಯಲ್ಲಿದೆ. ಒಂದನ್ನಾದರೂ ಹೊರಗೆ ಬಿಟ್ಟವಳಲ್ಲ ನಾನು. ಅಂಥವಳಿಗೆ ತನ್ನದೇ ಒಂದು ಗುಟ್ಟನ್ನು ಕಾಪಾಡಿಕೊಳ್ಳಲು ಬರಲಿಲ್ಲ ಅಂದರೆ ಯಾರಿಗಾದರೂ ನಗು ಬರುತ್ತದೆ. ಈಗ ನನಗೂ ಬರುತ್ತದೆ.

ಗುಟ್ಟು ಇಷ್ಟೇ. ನನಗೊಂದು ಮಗು ಬೇಕಿತ್ತು. ನಾನೇ ಹೆರಬೇಕು ಎಂಬ ಆಸೆ ಎಂದೋ ಹೋಗಿತ್ತು, ದತ್ತು ತಂದುಕೊಳ್ಳಬೇಕು ಅನ್ನುವುದು ಮನಸ್ಸಿಗೆ ಬಂದು ಕೂತಿತ್ತು. ಅದನ್ನು ಗಂಡನಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಧೈರ್ಯ ಇಲ್ಲದ್ದಕ್ಕೆ ಕಾರಣ ಇತ್ತು. ನಮ್ಮ ಮದುವೆಯಾಗಿ ಆಗ ಹದಿನೇಳು ವರ್ಷ. ಮೊದಲ ಐದಾರು ವರ್ಷ ತುಮಕೂರಿನ ಡಾಕ್ಟರು, ಬೆಂಗಳೂರಿನ ಡಾಕ್ಟರು, ನಮ್ಮತ್ತೆ ಹೇಳಿದ ಕಡೆಯೆಲ್ಲ ಕಟ್ಟಿಸಿಕೊಂಡ ದಾರ, ಎಲ್ಲ ಆಗಿ ಮುಗಿದಿತ್ತು. ಅದೇ ಹೊತ್ತಿಗೆ ದೊಡ್ಡೇರಿ ಕಡೆಯ ನನ್ನ ತವರಿನಲ್ಲಿ ನಮ್ಮಣ್ಣನಿಗೆ ಮೂರನೆಯದೂ ಹೆಣ್ಣಾಯಿತು. ಹೆಸರಿಡುವ ದಿನ ಅಣ್ಣ ಆ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ, "ನೀನೇ ಸಾಕ್ಕೊಳಮ್ಮ. ನಿನ್ ಮಗಳು ಅಂತ್ಲೇ ಬೆಳೀಲಿ," ಅಂದ. ಮಗುವಿನ ಅಂಗಾಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಾ ಕೂತೆ. ಅಷ್ಟರಲ್ಲಿ ಊಟ ಮುಗಿಸಿ ಕೈ ತೊಳೆದುಕೊಂಡು ಬಂದ ನನ್ನ ಗಂಡ, ಅಷ್ಟು ಜನ ನೆಂಟರ ಮುಂದೆ, "ಬ್ಯಾಡ. ಯಾರ್ ಮಗೂನೂ ನಂಗೆ ಬ್ಯಾಡ. ಕೊಟ್ಬುಡು ಅದನ್ನ," ಅಂದುಬಿಟ್ಟರು.

ಅತ್ತಿಗೆ ಬಂದು ಕೂಸನ್ನು ಎತ್ತಿಕೊಂಡಳು. ಇವರು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟೇಬಿಟ್ಟರು. ನಾನು ಅವರ ಹಿಂದೆಯೇ ಹೋದೆ. ಆ ವಿಷಯವನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮಿಕ್ಕ ಯಾವುದಕ್ಕೂ ಇವರು ಕೆಟ್ಟವರಲ್ಲ, ಹೇಳಿಬಿಡುತ್ತೇನೆ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ನನಗೆ ಜ್ವರ ಬಂದರೆ ತಾವೇ ಮುದ್ದೆ ತೊಳಸುತ್ತಾರೆ. ಆದರೆ ಆ ಒಂದು "ಬ್ಯಾಡ" ನಮ್ಮಿಬ್ಬರ ನಡುವೆ ಬಂದು ಕೂತಿತ್ತು. ಅದನ್ನು ಎರಡನೆಯ ಸಲ ಕೇಳಿಸಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ.

ಈಚೆಗೆ ಇವರು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾರೆ. ಕ್ಯಾತಗಾನಚೆರ್ಲು ಕಡೆ ಹೊಲಗಳ ತುಂಬ ಗಾಜಿನ ಹಲಗೆ ನಿಲ್ಲಿಸಿದ್ದಾರಲ್ಲ, ಅದರ ವೈರಿಂಗ್ ನೋಡಿಕೊಳ್ಳುವುದು. ವಾರವಿಡೀ ಪಾವಗಡದಲ್ಲಿ ರೂಮು, ಶನಿವಾರ ಸಂಜೆ ಬಸ್ಸಿಗೆ ಮನೆ. ಅಲ್ಲಿ ಹೋದ ಮೇಲೆ ಮಾತಿಗೆ ತೆಲುಗು ಅಂಟಿಕೊಂಡಿದೆ. ಫೋನ್ ಎತ್ತಿದರೆ "ಹೇಳಮ್ಮ" ಅನ್ನುವ ಬದಲು "ಚೆಪ್ಪಮ್ಮ" ಅನ್ನುತ್ತಾರೆ. "ನಾನು ನಿಮ್ಮ ಹೆಂಡ್ತಿ, ಕನ್ನಡದಲ್ಲಿ ಚೆಪ್ಪಿ," ಅಂತ ರೇಗಿಸುತ್ತೇನೆ. ವಾರದಲ್ಲಿ ಆರು ದಿನ ಗಂಡ ಊರಲ್ಲಿಲ್ಲ, ಕೈಯಲ್ಲಿ ಫೋನಿದೆ. ಗುಟ್ಟು ಸಾಕಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಆದರೂ ನನಗೆ ಭಯ. ಫೋನಿನಲ್ಲಿ ಏನು ಹುಡುಕಿದರೂ ಎಲ್ಲೋ ದಾಖಲಾಗುತ್ತದಂತೆ, ಯಾರೋ ನೋಡುತ್ತಾರಂತೆ ಅನ್ನುವುದನ್ನು ಅಳತೆ ಕೊಡಲು ಬಂದವರ ಬಾಯಲ್ಲೇ ಕೇಳಿದ್ದೆ. ಕೊರಟಗೆರೆಯಿಂದ ದಿನಾ ಬಂದುಹೋಗುವ ಒಬ್ಬ ಮೇಡಂ ಇದ್ದಾರೆ, ಇಲ್ಲಿನ ಹೈಸ್ಕೂಲಿನಲ್ಲಿ ಟೀಚರು. ಒಂದು ದಿನ ಅವರ ತೋಳಿನ ಸುತ್ತಳತೆ ಹಿಡಿದುಕೊಂಡೇ, "ಮೇಡಂ, ನಾವು ಫೋನಲ್ಲಿ ನೋಡಿದ್ದು ಮನೆಯವರಿಗೆ ಗೊತ್ತಾಗದಂಗೆ ಮಾಡೋಕೆ ಬರುತ್ತಾ?" ಅಂತ ಕೇಳಿದೆ.

"ಅಯ್ಯೋ, ವಿಪಿಎನ್ ಹಾಕ್ಕೊಳ್ರೀ," ಅಂದರು ಅವರು. "ನಾನು ಸೀರೆ ನೋಡೋದು ನಮ್ಮನೆಯವರಿಗೆ ಗೊತ್ತಾಗಬಾರ್ದು ಅಂತ ಅದನ್ನೇ ಹಾಕ್ಕೊಂಡಿರೋದು. ಒಂದ್ಸಲ ಆನ್ ಮಾಡಿದ್ರೆ ನೀವು ಏನ್ ನೋಡಿದ್ರೂ ದೇವ್ರಿಗೂ ಗೊತ್ತಾಗಲ್ಲ."

ದೇವರಿಗೇ ಗೊತ್ತಾಗದ ಮೇಲೆ ಪಾವಗಡದಲ್ಲಿರುವ ನನ್ನ ಗಂಡನಿಗೆ ಎಲ್ಲಿ ಗೊತ್ತಾಗಬೇಕು? ಮೇಡಂ ಅಲ್ಲೇ ನಿಂತು ನನ್ನ ಫೋನಿಗೆ ಒಂದು ಬಿಟ್ಟಿ ವಿಪಿಎನ್ ಹಾಕಿಕೊಟ್ಟರು. ದೊಡ್ಡದೊಂದು ಗುಂಡಿ. ಒತ್ತಿದರೆ ಹಸಿರಾಗುತ್ತದೆ, ಫೋನಿನ ನೆತ್ತಿಯಲ್ಲಿ ಪುಟ್ಟ ಕೀಲಿಕೈ ಗುರುತು ಮೂಡುತ್ತದೆ, ಕೆಳಗೆ ಸಿಂಗಾಪುರ ಅಂತ ಬರುತ್ತದೆ. ಖುಷಿಗೆ ಅವರ ಬ್ಲೌಸಿಗೆ ಕುಚ್ಚು ಕಟ್ಟಿಕೊಟ್ಟೆ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಕೀಲಿಕೈ ಗುರುತನ್ನು ನಾನು ನಂಬಿದ ಹಾಗೆ ಇನ್ನೇನನ್ನೂ ನಂಬಿಲ್ಲ. ಅದು ಇದ್ದರೆ ನನ್ನ ಹೆಸರು, ಊರು, ಮುಖ ಯಾವುದೂ ಯಾರಿಗೂ ಕಾಣುವುದಿಲ್ಲ ಅಂತ ತಿಳಿದಿದ್ದೆ. ಹುಡುಕಿದ್ದೆಲ್ಲ ಹಾಗೇ ಆವಿಯಾಗಿ ಹೋಗುತ್ತದೆ ಅಂದುಕೊಂಡಿದ್ದೆ. ವೈರಸ್ಸು, ಓಟಿಪಿ ಕೇಳುವ ಕಳ್ಳರು ಯಾರೂ ಹತ್ತಿರ ಸುಳಿಯುವುದಿಲ್ಲ ಅಂತ ಪಕ್ಕದ ಮನೆಯವಳಿಗೂ ಪಾಠ ಹೇಳಿದೆ. ಇನ್ನೊಂದು ಹುಚ್ಚಿದೆ, ಹೇಳಿದರೆ ನಗಬೇಡಿ. ವಿಪಿಎನ್ ಹಾಕಿಕೊಂಡಿದ್ದಾಗ ಇವರು ಫೋನ್ ಮಾಡಿದರೆ ಅವರ ಫೋನಿನಲ್ಲಿ ಸಿಂಗಾಪುರ ಅಂತ ಬಂದುಬಿಟ್ಟರೆ ಏನು ಗತಿ ಅಂತ ಭಯವಾಗುತ್ತಿತ್ತು. ರಿಂಗ್ ಆದ ಕೂಡಲೇ ಮೊದಲು ಆ ಹಸಿರು ಗುಂಡಿ ಆರಿಸಿ, ಆಮೇಲೆ "ಹಲೋ" ಅನ್ನುತ್ತಿದ್ದೆ. "ಫೋನ್ ಎತ್ತಕ್ಕೆ ಇಷ್ಟೊತ್ತಾ?" ಅಂತ ಅವರು ಕೇಳಿದರೆ, "ಕೈಯಲ್ಲಿ ಕತ್ತರಿ ಇತ್ತು," ಅನ್ನುತ್ತಿದ್ದೆ.

ಹೀಗೆ ಸಿಂಗಾಪುರದಲ್ಲಿ ಕೂತುಕೊಂಡು ನಾನು ದತ್ತು ಮಗುವಿನ ಬಗ್ಗೆ ಓದಿದೆ. ಮಧ್ಯಾಹ್ನ ಗಿರಾಕಿ ಕಡಿಮೆ, ಬೆಟ್ಟದ ಕಡೆಯಿಂದ ಧಗೆ ಬರುತ್ತಿರುತ್ತದೆ, ಫ್ಯಾನ್ ಕೆಳಗೆ ಕೂತು ಒಂದಾದ ಮೇಲೊಂದು ವಿಡಿಯೋ. ಅರ್ಜಿ ಹೇಗೆ ಹಾಕುವುದು, ಮನೆ ನೋಡಲು ಯಾರು ಬರುತ್ತಾರೆ, ಬಂದರೆ ಏನು ಕೇಳುತ್ತಾರೆ. ಮಗು ಅಮ್ಮನನ್ನು ಒಪ್ಪಿಕೊಳ್ಳಲು ಎಷ್ಟು ದಿನ. ರಾಗಿ ಸರಿ ಮಾಡುವುದು ನನಗೆ ಹುಟ್ಟಿದಾಗಿನಿಂದ ಗೊತ್ತು, ಅದನ್ನೂ ನೋಡಿದೆ. ದತ್ತು ತಂದ ತಾಯಂದಿರ ಒಂದು ಗುಂಪು ಫೇಸ್‌ಬುಕ್ಕಿನಲ್ಲಿ ಸಿಕ್ಕಿತು. ಕೀಲಿಕೈ ಗುರುತು ಇದೆಯಲ್ಲ ಅಂತ ಅದಕ್ಕೂ ಸೇರಿದೆ. ನನ್ನದೇ ಹೆಸರು, ನನ್ನದೇ ಫೋಟೋ, ಮಧುಗಿರಿ ಅಂತ ಊರನ್ನೂ ಬರೆದು, "ನನ್ನ ಗಂಡ ಒಪ್ಪುವುದಿಲ್ಲ, ಏನು ಮಾಡಲಿ?" ಅಂತ ಕೇಳಿದೆ. ಎಷ್ಟೊಂದು ಜನ ಉತ್ತರ ಬರೆದರು. ಎಲ್ಲರದ್ದೂ ಒಂದೇ ಮಾತು, ಮೊದಲು ಅವರ ಹತ್ತಿರ ಮಾತಾಡಿ ಅಂತ. ಅದು ಗೊತ್ತಿದ್ದರೆ ನಿಮ್ಮನ್ನು ಯಾಕಮ್ಮ ಕೇಳುತ್ತಿದ್ದೆ ಅಂತ ಸಿಟ್ಟು ಬಂತು.

ಓದುತ್ತಾ ಹೋದ ಹಾಗೆ ಎರಡು ವಿಷಯ ಗೊತ್ತಾಯಿತು. ಅರ್ಜಿಗೆ ಗಂಡ ಹೆಂಡತಿ ಇಬ್ಬರೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಆಗುವುದಿಲ್ಲ. ಇನ್ನೊಂದು, ಇಬ್ಬರ ವಯಸ್ಸನ್ನೂ ಕೂಡಿಸಿ ನೋಡುತ್ತಾರೆ. ಕೂಡಿಸಿದ್ದು ಒಂದು ಗೆರೆ ದಾಟಿದರೆ ಪುಟ್ಟ ಕೂಸು ಸಿಗುವುದಿಲ್ಲ, ಇನ್ನೂ ದಾಟಿದರೆ ಮಗುವೇ ಸಿಗುವುದಿಲ್ಲ. ನನಗೆ ಮೂವತ್ತೊಂಬತ್ತು, ಇವರಿಗೆ ನಲವತ್ತೈದು. ಪ್ರತಿ ವರ್ಷ ನಾವು ಎರಡೆರಡು ವರ್ಷ ಮುದುಕರಾಗುತ್ತಿದ್ದೆವು. ಅರ್ಜಿ ಹಾಕಿದ ಮೇಲೂ ವರ್ಷಗಟ್ಟಲೆ ಕಾಯಬೇಕಂತೆ. ಪ್ರತಿ ಶನಿವಾರ ಇವರು ಬಸ್ಸಿಳಿದು ಬರುವಾಗ, ಈ ವಾರ ಕೇಳೇಬಿಡುತ್ತೇನೆ ಅಂತ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವರು ಪಾವಗಡದ ಕಡ್ಲೆಕಾಯಿ ಚೀಲ ಕೆಳಗಿಟ್ಟು, ಚೊಂಬು ನೀರು ಕುಡಿದು, "ಏನಮ್ಮ ಸಮಾಚಾರ?" ಅಂದರೆ, "ಏನಿಲ್ಲ, ಅದೇ," ಅನ್ನುತ್ತಿದ್ದೆ. ಸೋಮವಾರ ಬೆಳಿಗ್ಗೆ ಅವರು ಹೊರಟ ಮೇಲೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಹೀಗೇ ಒಂದು ವರ್ಷದ ಮೇಲಾಯಿತು. ಒಂದು ಮಧ್ಯಾಹ್ನ ಯೂಟ್ಯೂಬ್ ತೆಗೆದು ಹುಡುಕುವ ಜಾಗ ಮುಟ್ಟಿದೆ. ಅಲ್ಲಿ ಹಿಂದೆ ಹುಡುಕಿದ್ದರ ಪಟ್ಟಿ ಬರುತ್ತದಲ್ಲ, ಅದನ್ನು ನಾನು ಯಾವತ್ತೂ ಓದಿದವಳಲ್ಲ, ಅವತ್ತು ಕಣ್ಣಿಗೆ ಬಿತ್ತು. ಅದರ ತಲೆಯ ಮೇಲೆ "ಚಿಕ್ಕ ಮಕ್ಕಳಿಗೆ ಜಡೆ ಹಾಕುವುದು" ಅಂತಿತ್ತು. ನಾನು ಅದನ್ನು ಹುಡುಕಿರಲಿಲ್ಲ. ನನಗೆ ಜಡೆ ಹಾಕಲು ಯಾರು ಕಲಿಸಬೇಕು? ಅಣ್ಣನ ಮೂರೂ ಹೆಣ್ಣುಮಕ್ಕಳ ತಲೆ ಬಾಚಿದವಳು ನಾನು.

ಯಾರೋ ನನ್ನ ಫೋನಿನೊಳಗೆ ಕೂತಿದ್ದಾರೆ ಅನ್ನಿಸಿತು. ಬಿಟ್ಟಿ ವಿಪಿಎನ್ನಿನವರೇ ಇರಬೇಕು, ನಾನು ಏನೇನು ನೋಡುತ್ತೇನೆ ಅಂತ ಕೂತು ನೋಡುತ್ತಿದ್ದಾರೆ. ಆದರೆ ಸಿಂಗಾಪುರದ ಕಳ್ಳನಿಗೆ ಕನ್ನಡದಲ್ಲಿ ಮಕ್ಕಳ ಜಡೆ ಯಾಕೆ ಬೇಕು? ಅದು ಹೊಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೊಲಿಯುತ್ತಿದ್ದ ಬ್ಲೌಸಿನ ತೋಳನ್ನು ಉಲ್ಟಾ ಕೂಡಿಸಿಬಿಟ್ಟೆ. ಅದನ್ನು ಬಿಚ್ಚಿ, ಅಂಗಡಿಯ ಪರದೆ ಎಳೆದು, ಶಿರಾ ಬಸ್ಸು ಹತ್ತಿದೆ.

ಶಿರಾದಲ್ಲಿ ನನ್ನ ಅಕ್ಕನ ಮಗಳಿದ್ದಾಳೆ, ಕಂಪ್ಯೂಟರ್ ಹೇಳಿಕೊಡುವವಳು. ಅವಳ ಮುಂದೆ ಫೋನಿಟ್ಟು, ಮೊದಲು ಆಣೆ ಹಾಕಿಸಿಕೊಂಡು, ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. ನಗಲಿಲ್ಲ, ಅದು ಅವಳ ದೊಡ್ಡತನ.

"ಚಿಕ್ಕಮ್ಮ, ಮೊದ್ಲು ಆ ಬಿಟ್ಟಿ ವಿಪಿಎನ್ ತೆಗಿ," ಅಂದಳು. "ಬಿಟ್ಟಿ ಯಾಕೆ ಕೊಡ್ತಾರೆ ಅನ್ಕೊಂಡಿದ್ದೀಯ? ನೀನು ಊರೋರಿಗೆಲ್ಲ ಬಿಟ್ಟಿ ಬ್ಲೌಸ್ ಹೊಲಿದು ಕೊಡ್ತೀಯಾ? ಇಂಥಾವ್ರಲ್ಲಿ ಎಷ್ಟೋ ಜನ ನೀನು ಎಲ್ಲೆಲ್ಲಿ ಹೋದೆ ಅನ್ನೋದನ್ನೇ ಮಾರ್ಕೊಂಡು ಬದುಕ್ತಾರೆ."

"ಹಂಗಾದ್ರೆ ಒಳಗೆ ಕೂತಿರೋನು ಅವನೇನಾ?"

"ಇರು, ನೋಡ್ತೀನಿ," ಅಂತ ಅವಳು ಫೋನನ್ನು ತಿರುವಿ ತಿರುವಿ ಏನೇನೋ ಒತ್ತಿದಳು. ಆಮೇಲೆ, "ಚಿಕ್ಕಮ್ಮ, ಈ ಜಿಮೇಲ್ ಐಡಿ ಯಾರು ಮಾಡ್ಕೊಟ್ಟಿದ್ದು? ಇದು ಚಿಕ್ಕಪ್ಪನ ಹೆಸ್ರಲ್ಲಿದೆಯಲ್ಲ?" ಅಂದಳು.

ಯಾರು ಮಾಡಿಕೊಟ್ಟರು ಅಂದರೆ, ಫೋನ್ ಮಾರಿದವರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೇ. ನಾಲ್ಕು ವರ್ಷದ ಹಿಂದೆ ಶಿರಾದ ಒಂದು ಅಂಗಡಿಯಲ್ಲಿ ನಮ್ಮಿಬ್ಬರಿಗೂ ಒಂದೇ ದಿನ ಫೋನ್ ತೆಗೆದುಕೊಂಡೆವು. ಅಂಗಡಿಯ ಸಾಬರು ಇವರ ಫೋನಿಗೆ ಒಂದು ಐಡಿ ಮಾಡಿದರು. ನನ್ನದಕ್ಕೆ ಬೇರೆ ಬೇಕಾ ಅಂತ ಇವರು ಕೇಳಿದ್ದಕ್ಕೆ, "ಫಿಕರ್ ಬೇಡ ಅಣ್ಣಾ, ಮನೆಗೆಲ್ಲಾ ಒಂದಿದ್ರೆ ಬಸ್, ಸಾಕು," ಅಂತ ಅದನ್ನೇ ನನ್ನ ಫೋನಿಗೂ ಹಾಕಿ, ಪಾಸ್‌ವರ್ಡನ್ನು ಫೋನಿನ ಡಬ್ಬದ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರು. ನನಗೂ ಸರಿ ಅನ್ನಿಸಿತ್ತು. ಮನೆಗೊಂದು ರೇಷನ್ ಕಾರ್ಡು, ಮನೆಗೊಂದು ಗ್ಯಾಸು, ಮನೆಗೊಂದು ಜಿಮೇಲು. ಆ ಡಬ್ಬ ಇವತ್ತಿಗೂ ಬೀರುವಿನಲ್ಲಿ ರೇಷನ್ ಕಾರ್ಡಿನ ಪಕ್ಕ ಇದೆ.

"ಎರಡು ಫೋನಿಗೂ ಒಂದೇ ಖಾತೆ," ಅಂದಳು ಅಕ್ಕನ ಮಗಳು. "ನೀನು ಇಲ್ಲಿ ಹುಡುಕಿದ್ದು ಚಿಕ್ಕಪ್ಪನ ಫೋನಲ್ಲೂ ಬರುತ್ತೆ. ಅವ್ರು ಅಲ್ಲಿ ಹುಡುಕಿದ್ದು ನಿನ್ನ ಫೋನಲ್ಲಿ ಬರುತ್ತೆ."

"ವಿಪಿಎನ್ ಹಾಕ್ಕೊಂಡಿದ್ನಲ್ಲೇ!"

"ನೀನು ಮಧುಗಿರಿಯಿಂದ ಬರ್ತಾ ಬಸ್ಸಿನ ಕಿಟಕಿಗೆಲ್ಲ ಪರದೆ ಎಳ್ಕೊಂಡು ಬಂದೆ ಅನ್ಕೋ. ದಾರೀಲಿ ನಿಂತಿರೋರಿಗೆ ಒಳಗೆ ಯಾರಿದ್ದಾರೆ ಅಂತ ಕಾಣ್ಸಲ್ಲ. ಅದು ಮಾಡೋ ಕೆಲ್ಸ ಅಷ್ಟೇ. ಇಳಿದು ಬಂದು ನಮ್ಮನೆ ಬಾಗ್ಲು ತಟ್ಟಿ, 'ನಾನು ಕಣೇ, ನಿಮ್ಮ ಚಿಕ್ಕಮ್ಮ' ಅಂದ್ಮೇಲೆ ನಂಗೆ ಗೊತ್ತಾಗ್ದೆ ಇರುತ್ತಾ? ಹೋದ ಕಡೆಯೆಲ್ಲ ನೀನು ಐಡಿ ಹೇಳ್ಕೊಂಡೇ ಹೋಗಿದ್ದೀಯ. ಫೇಸ್‌ಬುಕ್ಕಲ್ಲಿ ಹೆಸ್ರು, ಫೋಟೋನೂ ಕೊಟ್ಟಿದ್ದೀಯ. ಕೀಲಿಕೈ ಗುರುತು ಪಾಪ ಏನ್ ಮಾಡುತ್ತೆ?"

ನನಗೆ ಆ ಮೇಡಂ ಮೇಲೆ, ಅಂಗಡಿಯ ಸಾಬರ ಮೇಲೆ, ಸಿಂಗಾಪುರದ ಮೇಲೆ ಒಟ್ಟಿಗೇ ಕೋಪ ಬಂತು. ಎಷ್ಟೋ ದಿನದಿಂದ ನನ್ನ ಫೋನಿನಲ್ಲಿ ತೆಲುಗು ಸಿನಿಮಾದ ತಮಾಷೆ ವಿಡಿಯೋ ಬರುತ್ತಿತ್ತು. ಆಂಧ್ರ ಹತ್ತಿರ ಅಲ್ಲವಾ, ಅದಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಅದು ಇವರು ಪಾವಗಡದ ರೂಮಿನಲ್ಲಿ ಕೂತು ನೋಡಿದ್ದು. ಎಂಥ ಪೆದ್ದಿ ನಾನು! ಆಮೇಲೆ ತಟಕ್ಕನೆ ಹೊಳೆಯಿತು. ಇವರಿಗೆ ಎಲ್ಲ ಗೊತ್ತು. ಮೊದಲ ದಿನದಿಂದ ಗೊತ್ತು. ಪ್ರತಿ ಶನಿವಾರ "ಏನಮ್ಮ ಸಮಾಚಾರ?" ಅಂತ ಕೇಳುವಾಗಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತಾಡಲಿಲ್ಲ ಅಂದರೆ ಅವರ ಉತ್ತರ ಅದೇ, ಅದೇ "ಬ್ಯಾಡ". ಅಳು ಒತ್ತರಿಸಿಕೊಂಡು ಬಂತು.

"ಅಳ್ಬೇಡ ಚಿಕ್ಕಮ್ಮ. ಇದನ್ನ ಓದು," ಅಂತ ಅವಳು ಖಾತೆಯ ಹಳೆಯ ಪಟ್ಟಿಯನ್ನೆಲ್ಲ ತೆಗೆದು ಫೋನನ್ನು ನನ್ನ ಕೈಗೆ ಕೊಟ್ಟಳು. ಕೊಟ್ಟು, ಟೀ ಇಡುತ್ತೇನೆ ಅಂತ ಒಳಗೆ ಹೋದಳು.

ತಿಂಗಳುಗಟ್ಟಲೆಯ ಪಟ್ಟಿ. ನಾನು ಹುಡುಕಿದ್ದರ ನಡುನಡುವೆ ನಾನು ಹುಡುಕದ್ದು ಇತ್ತು. ಇವರಿಗೆ ಟೈಪ್ ಮಾಡಲು ಬೇಜಾರು, ಫೋನಿನ ಮುಂದೆ ಬಾಯಿಟ್ಟು ಮಾತಾಡಿಯೇ ಹುಡುಕುವುದು. ಓದಿದರೆ ಅವರ ದನಿಯೇ ಕಿವಿಗೆ ಬಿದ್ದ ಹಾಗಿತ್ತು. ದತ್ತು ತಗೊಂಡ್ರೆ ಅಪ್ಪನಿಗೆ ಎಷ್ಟು ದಿನ ರಜಾ. ಮನೆ ನೋಡಕ್ಕೆ ಬಂದ್ರೆ ಬಾಡಿಗೆ ಮನೆ ಆದ್ರೆ ಪರವಾಗಿಲ್ವ. ಸಕ್ಕರೆ ಕಾಯಿಲೆ ಶುರುವಾಗಿದ್ರೆ ದತ್ತು ಕೊಡ್ತಾರ. ಅದನ್ನು ಓದಿ ಬೆಚ್ಚಿಬಿದ್ದೆ, ಇವರಿಗೆ ಸಕ್ಕರೆ ಶುರುವಾದದ್ದು ನನಗೇ ಗೊತ್ತಿರಲಿಲ್ಲ. ಚಿಕ್ ಮಗಿಗೆ ನೋವಾಗ್ದಂಗೆ ಜಡೆ ಹೆಂಗ್ ಹಾಕೋದು. ಜಡೆಯದನ್ನೇ ಬೇರೆ ಬೇರೆ ಥರ ಕೇಳಿ ಮೂರು ಸಲ ಹುಡುಕಿದ್ದರು. ಅದರ ಕೆಳಗೆ ಇನ್ನೊಂದಿತ್ತು. ದತ್ತು ತಂದ ಮಗು ಅಪ್ಪ ಅನ್ನಕ್ಕೆ ಎಷ್ಟು ದಿನ ಆಗುತ್ತೆ.

ಟೀ ಬಂದಿತು, ಆರಿತು. ಅಕ್ಕನ ಮಗಳು ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದಳು. ಹೊರಡುವಾಗ ಅವಳು, "ನಿಂಗೆ ಬೇರೆ ಐಡಿ ಮಾಡ್ಕೊಡ್ಲಾ?" ಅಂತ ಕೇಳಿದಳು. ಮಾಡಿಸಿಕೊಂಡೆ. ಆ ಗುಂಪಿನಲ್ಲಿ ಹಾಕಿದ್ದ ಫೋಟೋನೂ ತೆಗೆಸಿದೆ. ಈಗಲಾದರೂ ಬುದ್ಧಿ ಬರಲಿ ಅಂತ.

ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದೆ. ಬಡವನಹಳ್ಳಿ ದಾಟುವವರೆಗೂ ಒಂದೇ ಯೋಚನೆ. ಇಷ್ಟೆಲ್ಲ ಹುಡುಕುವ ಮನುಷ್ಯ ಅವತ್ತು ಯಾಕೆ ಹಾಗಂದರು? ಮನಸ್ಸು ಬದಲಾಯಿಸಿಕೊಂಡರಾ? ಬದಲಾಯಿಸಿಕೊಂಡರೆ ನನಗೆ ಯಾಕೆ ಹೇಳಲಿಲ್ಲ? ಪ್ರೀತಿ ಉಕ್ಕಿ ಬರುತ್ತಿತ್ತು, ಅದರ ಜೊತೆಗೇ ಬೆನ್ನಿಗೆ ನಾಲ್ಕು ಗುದ್ದಬೇಕು ಅಂತಲೂ ಅನ್ನಿಸುತ್ತಿತ್ತು.

ಫೋನಿನಲ್ಲಿ ಕೇಳುವ ಮಾತಲ್ಲ ಅಂತ ಶನಿವಾರದವರೆಗೆ ತಡೆದುಕೊಂಡೆ. ಶನಿವಾರ ಸಂಜೆ ಬಂದವರ ಮುಖ ಬಿಸಿಲಿಗೆ ಸುಟ್ಟುಹೋಗಿತ್ತು, ಹಲಗೆಗಳ ನಡುವೆ ನಿಂತು ನಿಂತು. ನೋಡಿ ಪಾಪ ಅನ್ನಿಸಿತು. ಊಟ ಮಾಡಿ ಮಲಗಲಿ ಅಂತ ಬಿಟ್ಟೆ. ಭಾನುವಾರ ಬೆಳಿಗ್ಗೆ ಅವರು ಅಂಗಡಿಯ ಕೋಣೆಯಲ್ಲಿ ನೆಲದ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದರು. ನಾನು ಎದುರಿಗೆ ಕೂತು ಹುಕ್ಸು ಹಾಕುತ್ತಿದ್ದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಶುರು ಮಾಡಿದೆ.

"ನಿಮಗೆ ಸಕ್ಕರೆ ಬಂದು ಎಷ್ಟು ದಿನ ಆಯ್ತು?"

ಅವರ ಕೈ ನಿಂತಿತು. "ಯಾರ್ ಹೇಳುದ್ರು ನಿಂಗೆ?"

"ನಿಮ್ಮ ಜಿಮೇಲ್ ಹೇಳ್ತು."

ಅವರು ತಲೆ ತಗ್ಗಿಸಿ ನಕ್ಕರು. ಸಿಕ್ಕಿಬಿದ್ದಾಗ ಅವರು ನಗುವುದೇ ಹಾಗೆ.

"ಜಾಸ್ತಿ ಏನಿಲ್ಲ, ಮಾತ್ರೆಗೇ ಕಂಟ್ರೋಲಲ್ಲೈತೆ. ಅಂಗಾದ್ರೆ ಎಲ್ಲಾ ನೋಡ್ಬುಟ್ಯಾ?"

"ನೋಡಿದೆ. ಜಡೆ ಹಾಕೋದು ಕಲಿತಿದ್ದೀರಂತೆ. ಯಾರ ತಲೆ ಮೇಲೆ ಕಲಿತ್ರಿ?"

"ವೈರ್ ಮೇಲೆ," ಅಂದರು. "ಮೂರು ಬಣ್ಣದ್ದು ತಗೊಂಡು."

ನಗು ಬಂತು, ಆದರೆ ನಾನು ನಗುವುದಕ್ಕೆ ಕೂತಿರಲಿಲ್ಲ. "ಒಂದು ವರ್ಷದಿಂದ ನಾನು ಏನು ನೋಡ್ತಿದ್ದೀನಿ ಅಂತ ನಿಮಗೆ ಗೊತ್ತು. ನಾನು ಒಳಗೊಳಗೇ ಸಾಯ್ತಿದ್ದೀನಿ ಅಂತಲೂ ಗೊತ್ತು. ಒಂದು ಮಾತು ಕೇಳೋಕೆ ನಿಮಗೆ ಬಾಯಿರಲಿಲ್ವಾ?"

"ಬ್ಯಾಡ ಅಂದೋನು ನಾನು. ಮತ್ತೆ ನಾನೇ ಯಾವ ಮಖ ಹೊತ್ಕೊಂಡು ಬೇಕು ಅನ್ನಾನ? ನೀನು ಕೇಳ್ತೀಯ ಕೇಳ್ತೀಯ ಅಂತ ವಾರ ವಾರ ಕಾಯ್ತಿದ್ದೆ. ನೀನು ನೋಡಿದ್ರೆ 'ಏನಿಲ್ಲ, ಅದೇ' ಅನ್ತಿದ್ದೆ."

"ಹಂಗಾದ್ರೆ ಅವತ್ತು ಯಾಕೆ ಬೇಡ ಅಂದ್ರಿ? ಅಷ್ಟು ಜನದ ಮುಂದೆ? ನನ್ನ ಮಡಿಲಲ್ಲಿದ್ದ ಕೂಸನ್ನ?" ದನಿ ನನಗೇ ಗೊತ್ತಿಲ್ಲದೆ ಏರಿತ್ತು. ಹನ್ನೊಂದು ವರ್ಷ ಗಂಟಲಲ್ಲೇ ಇದ್ದ ಮಾತು ಅದು.

ಅವರು ಬಿಡಿಸಿದ ಕಾಳನ್ನೆಲ್ಲ ಮೊರದ ಒಂದು ಮೂಲೆಗೆ ಕೂಡಿಸಿದರು. ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದದ್ದು ಕಾಣುತ್ತಿತ್ತು.

"ಕೈ ತೊಳೆಯಕ್ಕೆ ಹಿತ್ಲಿಗೆ ಹೋಗಿದ್ನಲ್ಲ," ಅಂದರು. "ನಿಮ್ಮತ್ತಿಗೆ ಅಲ್ಲಿ ಗೋಡೆಗೆ ಹಣೆ ಕೊಟ್ಕೊಂಡು ಅಳ್ತಾ ನಿಂತಿತ್ತು ಕಣೇ. ಸದ್ದು ಬರ್ಬಾರ್ದು ಅಂತ ಬಾಯಿಗೆ ಸೆರಗು ತುರುಕ್ಕೊಂಡಿತ್ತು. ಕೊಡಕ್ಕೆ ಆವಮ್ಮಂಗೆ ಇಷ್ಟ ಇರ್ಲಿಲ್ಲ. ನಿಮ್ಮಣ್ಣ ಒಂದ್ ಮಾತೂ ಕೇಳಿರ್ಲಿಲ್ಲ. ನನ್ನ ನೋಡಿ ಎರಡೂ ಕೈ ಮುಗೀತು."

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅದನ್ನ ನಿಂಗೆ ಹೇಳ್ಬುಟ್ಟಿದ್ರೆ ನೀನು ನಿಮ್ಮಣ್ಣನ ಜೊತೆ ಜಗಳ ತೆಗೀತಿದ್ದೆ. ಸತ್ರೂ ಆ ಮನೆ ಹೊಸ್ಲು ತುಳೀತಿರ್ಲಿಲ್ಲ. ನಿಂಗಿರೋದೇ ಅದೊಂದು ತವ್ರು. ಅದುಕ್ಕೆ ನಂಗೇ ಬ್ಯಾಡ ಅಂತ ಅಂದ್ಬುಟ್ಟೆ. ಸಿಟ್ಟು ಮಾಡ್ಕೊಂಡ್ರೆ ನನ್ ಮೇಲೆ ಮಾಡ್ಕೊಳ್ಲಿ, ನಾನೆಲ್ಲಿಗೆ ಓಡೋಯ್ತೀನಿ ಅನ್ಕಂಡೆ."

ಆ ಹನ್ನೊಂದು ವರ್ಷವೂ ನಾನು ತವರಿಗೆ ಹೋಗಿ ಬಂದಿದ್ದೇನೆ. ಒಂದು ಗೌರಿ ಹಬ್ಬಕ್ಕೂ ತಪ್ಪಿಸಿಲ್ಲ. ಪ್ರತಿ ಸಲವೂ ಅತ್ತಿಗೆ ಮಡಿಲು ತುಂಬಿ, ಬಸ್ ಸ್ಟ್ಯಾಂಡಿನವರೆಗೂ ಬಂದು ಕಳಿಸಿದ್ದಾಳೆ. ಆ ಹುಡುಗಿ ರಜಕ್ಕೆ ಬಂದರೆ ಅತ್ತೆ ಅತ್ತೆ ಅಂತ ನನ್ನ ಸೆರಗು ಬಿಡುವುದಿಲ್ಲ. ಅದಷ್ಟನ್ನೂ ನನಗೆ ಉಳಿಸಿಕೊಟ್ಟು, ಅದರ ಬದಲಿಗೆ ಈ ಮನುಷ್ಯ ಹನ್ನೊಂದು ವರ್ಷ ನನ್ನ ಮನಸ್ಸಿನಲ್ಲಿ ಕಲ್ಲೆದೆಯವನಾಗಿ ಕೂತಿದ್ದರು. ನಾನು ಅವರನ್ನು ಹಾಗೇ ತಿಳಿದುಕೊಂಡಿದ್ದೆ, ಅವರಿಗೆ ಅದೂ ಗೊತ್ತಿತ್ತು. ಹೊಲಿಯುತ್ತಿದ್ದ ಬ್ಲೌಸಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಗಿರಾಕಿಯ ಬ್ಲೌಸು, ರೇಷ್ಮೆಯದು, ಕಲೆಯಾಯಿತು. ಆಗಲಿ ಅನ್ನಿಸಿತು.

"ಸಾಕು ಬುಡಮ್ಮ, ಎಷ್ಟ್ ಅಳ್ತೀಯ?" ಅಂದರು ಇವರು. ಅವರ ದನಿಯೂ ಸರಿಯಿರಲಿಲ್ಲ. "ನಾಳೆ ಒಂದಿನ ರಜಾ ಹಾಕ್ತೀನಿ. ಕೂತ್ಕೊಂಡು ಅರ್ಜಿ ತುಂಬಾನ."

"ನಾಳೆ ಯಾಕೆ?" ಅಂದೆ. ಕಣ್ಣು ಒರೆಸಿಕೊಂಡೆ. "ಇಷ್ಟು ವರ್ಷ ಕಾದದ್ದು ಸಾಲದಾ? ಏಳಿ, ಕೈ ತೊಳ್ಕೊಂಡು ಆಧಾರ್ ಕಾರ್ಡ್ ತಗೊಂಡು ಬನ್ನಿ."

ಅವರು ಎದ್ದು ಹೋಗಿ ತಂದರು. ಫೋನಿನಲ್ಲಿ ಅರ್ಜಿ ತೆರೆದೆ. ಮೊದಲ ಸಾಲಿನಲ್ಲೇ ತಂದೆಯಾಗಲಿರುವವರ ಹೆಸರು ಅಂತ ಕೇಳಿತ್ತು. ನಾನು ಅದನ್ನು ತುಂಬಲಿಲ್ಲ, ಫೋನನ್ನು ಅವರ ಕೈಗೆ ಕೊಟ್ಟೆ. ಈ ಸಲ ಅವರು ಬಾಯಲ್ಲಿ ಹೇಳಿ ಬರೆಸಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಎರಡು ಸಲ ತಪ್ಪಿ ಅಳಿಸಿ, ಮೂರನೆಯ ಸಲ ತಮ್ಮ ಹೆಸರನ್ನು ಸರಿಯಾಗಿ ಬರೆದರು. ಬರೆದು, ಸರಿಯಿದೆಯಾ ನೋಡು ಅಂತ ನನ್ನ ಕಡೆ ತಿರುಗಿಸಿದರು.